ವಿಂಡ್‌ಸರ್ಫಿಂಗ್: ಹೊಸಬರು ಹಾಯಿ ಕಟ್ಟುವ ಕ್ರಮ

ವಿಂಡ್‌ಸರ್ಫಿಂಗ್ ಕಲಿಯಹೊರಟವರು ಮತ್ತೆ ಮತ್ತೆ ನೀರಿಗೆ ಬಿದ್ದಾಗ ತಮ್ಮ ಕಾಲಿನ ಸಮತೋಲನವನ್ನೇ ದೂರುವುದು ವಾಡಿಕೆ. ಆದರೆ ದೋಷವು ಎಷ್ಟೋ ವೇಳೆ ಕಾಲಿನಲ್ಲಿರದೆ, ಅರ್ಧ ಗಂಟೆ ಮೊದಲು ಮರಳಿನ ಮೇಲೆ ಕಟ್ಟಿದ ಹಾಯಿಯಲ್ಲಿರುತ್ತದೆ. ಹಗ್ಗವನ್ನು ಎಳೆಯಬೇಕಾದುದಕ್ಕಿಂತ ಮೂರ್ನಾಲ್ಕು ಸೆಂಟಿಮೀಟರ್ ಕಡಿಮೆ ಎಳೆದರೂ ಸಾಕು, ಸಾಧಾರಣ ಗಾಳಿಯೇ ಹೊಸಬರ ಕೈಯಿಂದ ಹಾಯಿಯನ್ನು ಕಿತ್ತುಕೊಳ್ಳುತ್ತದೆ. ಹಾಯಿಯನ್ನು ಸರಿಯಾಗಿ ಕಟ್ಟಿ ಹದಗೊಳಿಸುವ ಕೆಲಸ ಈ ಕ್ರೀಡೆಯ ಅರ್ಧ ಪಾಠವೆಂದರೆ ತಪ್ಪಾಗದು. ಅದರಲ್ಲಿ ಒಂದು ಭಾಗ ಸುಖಕ್ಕೆ ಸಂಬಂಧಿಸಿದ್ದು, ಇನ್ನೊಂದು ಭಾಗ ಪ್ರಾಣಕ್ಕೆ.

ಅಮೆರಿಕದ ಪೆನ್ಸಿಲ್ವೇನಿಯಾದ ನ್ಯೂಮನ್ ಡಾರ್ಬಿ ಅವರು 1964ರಲ್ಲಿ ಹಲಗೆಯೊಂದಕ್ಕೆ ಕೈಯಲ್ಲಿ ಹಿಡಿಯುವ ಹಾಯಿಯನ್ನು ಜೋಡಿಸಿದ್ದರು. ಬಳಿಕ ಕ್ಯಾಲಿಫೋರ್ನಿಯಾದಲ್ಲಿ ವಿಮಾನ ತಂತ್ರಜ್ಞ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ 1968ರಲ್ಲಿ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿ 1970ರಲ್ಲಿ ಅದನ್ನು ಪಡೆದರು. ಅವರ ವಿನ್ಯಾಸದ ತಿರುಳು ಒಂದೇ: ಮಾಸ್ಟ್ ಎಂಬ ಹಾಯಿಕಂಬವನ್ನು ಹಲಗೆಗೆ ಎಲ್ಲ ದಿಕ್ಕಿಗೂ ಬಾಗುವ ಯೂನಿವರ್ಸಲ್ ಜಾಯಿಂಟ್ ಮೂಲಕ ಕೂಡಿಸುವುದು. ಚುಕ್ಕಾಣಿಯಿಲ್ಲದ ಈ ವಾಹನ ತಿರುಗುವುದು ಹಾಯಿಯನ್ನು ಮುಂದಕ್ಕೆ ಅಥವಾ ಹಿಂದಕ್ಕೆ ವಾಲಿಸಿದಾಗ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪುರುಷರಿಗೂ 1992ರ ಬಾರ್ಸಿಲೋನಾದಲ್ಲಿ ಮಹಿಳೆಯರಿಗೂ ಈ ಸ್ಪರ್ಧೆ ಆರಂಭವಾಯಿತು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಈಬಾದ್ ಅಲಿ ಆರ್‌ಎಸ್:ಎಕ್ಸ್ ವಿಭಾಗದಲ್ಲಿ ಕಂಚು ಗೆದ್ದ ಬಳಿಕ ದೇಶದಲ್ಲಿಯೂ ಈ ಹೆಸರು ಕೆಲವರ ಕಿವಿಗೆ ಬಿದ್ದಿದೆ.

ಚುಕ್ಕಾಣಿಯ ಕೆಲಸವನ್ನೂ ಹಾಯಿಯೇ ಮಾಡುವುದರಿಂದ, ಗಾಳಿಯ ಒತ್ತಡ ಹಾಯಿಯ ಯಾವ ಭಾಗದಲ್ಲಿ ನೆಲೆಸುತ್ತದೆ ಎಂಬುದೇ ಇಲ್ಲಿ ಮುಖ್ಯ. ಆ ಬಿಂದು ಒಂದೇ ಕಡೆ ನಿಂತರೆ ಹಲಗೆ ಹೇಳಿದಂತೆ ಕೇಳುತ್ತದೆ. ಅತ್ತಿತ್ತ ಓಡಾಡಿದರೆ ಸವಾರನೂ ಅದರ ಹಿಂದೆ ಓಡಾಡಬೇಕಾಗುತ್ತದೆ.

ಹಾಯಿಯ ಮೇಲಿನ ಅಂಕಿಗಳು

ಹಾಯಿಯ ಕೆಳಭಾಗದಲ್ಲಿ ಅಥವಾ ಅದರ ಚೀಲದ ಮೇಲೆ ತಯಾರಕರು ಕೆಲವು ಅಳತೆಗಳನ್ನು ಮುದ್ರಿಸಿರುತ್ತಾರೆ. ಹೊಸಬರು ಓದದೆ ಬಿಡುವ ಮೊದಲ ಸಂಗತಿ ಇದೇ. 'ಲಫ್' ಎಂದರೆ ಮಾಸ್ಟ್ ತೂರಿಸುವ ಮುಂಬದಿಯ ಉದ್ದ. 'ಬೂಮ್' ಎಂದರೆ ಕೈಯಲ್ಲಿ ಹಿಡಿಯುವ ಅಡ್ಡದಂಡದ ಉದ್ದ. ಲಫ್ 424 ಎಂದಿದ್ದು ಮಾಸ್ಟ್ 400 ಸೆಂ.ಮೀ. ಇದ್ದರೆ ಉಳಿದ 24 ಸೆಂ.ಮೀ. ಅನ್ನು ಮಾಸ್ಟ್‌ನ ಬುಡಕ್ಕೆ ಸೇರಿಸುವ ವಿಸ್ತರಣೆಯಿಂದ ತುಂಬಬೇಕು. ಈ ಲೆಕ್ಕವನ್ನು ಮರಳಿಗೆ ಇಳಿಯುವ ಮೊದಲೇ ಮಾಡಿಕೊಂಡರೆ, ಎಳೆದಷ್ಟೂ ಹಗ್ಗ ಸಾಲದೆಂದು ಹತ್ತು ನಿಮಿಷ ಒದ್ದಾಡುವ ಪಾಡು ತಪ್ಪುತ್ತದೆ.

ಮಾಸ್ಟ್‌ನ ಉದ್ದ ಹೊಂದಿದರೆ ಸಾಲದು, ಗಡಸುತನವೂ ಹೊಂದಬೇಕು. ಮಾಸ್ಟ್‌ನ ಎರಡು ತುದಿಗಳಿಗೆ ಆಧಾರ ಕೊಟ್ಟು ನಡುವೆ 30 ಕಿಲೊ ಭಾರ ತೂಗುಬಿಟ್ಟಾಗ ಅದು ಎಷ್ಟು ಬಾಗುತ್ತದೆಂಬ ಅಳತೆಯಿಂದ ಐಎಂಸಿಎಸ್ ಎಂಬ ಸಂಖ್ಯೆ ಸಿಗುತ್ತದೆ. 400 ಸೆಂ.ಮೀ. ಮಾಸ್ಟ್‌ಗೆ ಇದು ಸಾಮಾನ್ಯವಾಗಿ 19, 430ಕ್ಕೆ 21, 460ಕ್ಕೆ 25. ಇದಲ್ಲದೆ ಬಾಗುವ ರೀತಿಯೂ ಬೇರೆ ಬೇರೆ: ಕೆಲವು ಮಾಸ್ಟ್‌ಗಳ ತುದಿ ಹೆಚ್ಚು ಬಳುಕುತ್ತದೆ, ಕೆಲವು ಒಂದೇ ಸಮನೆ ಬಾಗುತ್ತವೆ. ಒಂದು ಕಂಪನಿಯ ಹಾಯಿಗೆ ಇನ್ನೊಂದು ಕಂಪನಿಯ ಮಾಸ್ಟ್ ಕೆಲವೊಮ್ಮೆ ಕೂಡದಿರಲು ಇದೇ ಕಾರಣ. ಸೆಕೆಂಡ್‌ಹ್ಯಾಂಡ್ ಸಾಮಗ್ರಿಯನ್ನು ಬಿಡಿಬಿಡಿಯಾಗಿ ಕೊಳ್ಳುವವರು ಹಾಯಿ ಮತ್ತು ಮಾಸ್ಟ್‌ಗಳನ್ನಾದರೂ ಜೋಡಿಯಾಗಿ ಕೊಳ್ಳುವುದು ಮೇಲು.

ಡೌನ್‌ಹಾಲ್ ಎಂಬ ಗುಟ್ಟು

ಮಾಸ್ಟ್‌ನ ಎರಡು ತುಂಡುಗಳ ಸಂದಿನಲ್ಲಿ ಮರಳಿಲ್ಲದಂತೆ ಒರೆಸಿ ಕೂಡಿಸಿ, ಹಾಯಿಯ ಮುಂಬದಿಯ ಕೊಳವೆಯೊಳಗೆ ತುದಿ ಮುಟ್ಟುವವರೆಗೆ ತೂರಿಸಬೇಕು. ಬುಡಕ್ಕೆ ವಿಸ್ತರಣೆ ಸೇರಿಸಿ, ಡೌನ್‌ಹಾಲ್ ಹಗ್ಗವನ್ನು ಹಾಯಿಯ ಕೆಳಗಿನ ರಾಟೆಗಳಲ್ಲಿ ಒಂದರ ಮೇಲೊಂದು ಹಾಯದಂತೆ ಪೋಣಿಸಬೇಕು. ಹಗ್ಗ ಅಡ್ಡಹಾಯ್ದರೆ ಎಳೆದ ಬಲದಲ್ಲಿ ಬಹುಪಾಲು ಘರ್ಷಣೆಗೇ ಹೋಗುತ್ತದೆ. ಆಮೇಲೆ ಮರಳಿನ ಮೇಲೆ ಕುಳಿತು, ಕಾಲನ್ನು ಮಾಸ್ಟ್‌ನ ಬುಡಕ್ಕೆ ಒದ್ದು ಹಿಡಿದು, ಬೆನ್ನು ನೇರವಾಗಿಟ್ಟು ಎಳೆಯಬೇಕು. ಬರಿಗೈಗೆ ಹಗ್ಗ ಕೊಯ್ಯುತ್ತದೆ. ಇದಕ್ಕೆಂದೇ ಇರುವ ಹಿಡಿಕೆಯನ್ನು ಬಳಸುವುದು ಲೇಸು.

ಎಷ್ಟು ಎಳೆಯಬೇಕು? ಹೊಸಬರು ಸೋಲುವುದು ಇಲ್ಲಿಯೇ. ಡೌನ್‌ಹಾಲ್ ಎಳೆದಂತೆ ಮಾಸ್ಟ್ ಬಿಲ್ಲಿನಂತೆ ಬಾಗುತ್ತದೆ, ಹಾಯಿಯ ಹೊಟ್ಟೆಯ ಭಾಗ ಬಿಗಿಯಾಗುತ್ತದೆ. ಆದರೆ ಲೀಚ್ ಎಂದು ಕರೆಯಲಾಗುವ ಹಿಂಬದಿಯ ಅಂಚು, ಮೇಲಿನ ಎರಡು ಮೂರು ಬ್ಯಾಟನ್ ಪಟ್ಟಿಗಳ ನಡುವೆ, ಸಡಿಲಗೊಂಡು ಜೋತುಬೀಳುತ್ತದೆ. ನೆಲದ ಮೇಲೆ ಮಲಗಿರುವ ಹಾಯಿಯಲ್ಲಿ ಈ ಜೋಲು ನೋಡಿದವರು ಏನೋ ಕೆಟ್ಟಿತೆಂದು ಭಾವಿಸಿ ಹಗ್ಗವನ್ನು ಸಡಿಲಿಸುತ್ತಾರೆ. ಆಗ ಹಾಯಿ ಇಸ್ತ್ರಿ ಮಾಡಿದ ಬಟ್ಟೆಯಂತೆ ನುಣುಪಾಗಿ ಕಾಣುತ್ತದೆ, ಆದರೆ ನೀರಿಗಿಳಿದಾಗ ಮೈಮೇಲೆ ಬರುತ್ತದೆ.

ಇದರ ಕಾರಣ ಸರಳ. ನೀರಿನ ಮೇಲ್ಮೈಗೆ ಉಜ್ಜಿಕೊಂಡು ಬೀಸುವ ಗಾಳಿ ನಿಧಾನ. ನಾಲ್ಕು ಮೀಟರ್ ಎತ್ತರದಲ್ಲಿ ವೇಗ ಹೆಚ್ಚು. ರಭಸದ ಗಾಳಿ ಬಂದಾಗ ಸಡಿಲವಾದ ಮೇಲಂಚು ಬಾಗಿಲಿನಂತೆ ತೆರೆದುಕೊಂಡು ಹೆಚ್ಚುವರಿ ಗಾಳಿಯನ್ನು ಹೊರಬಿಡುತ್ತದೆ. ಅಂಚು ಬಿಗಿಯಾಗಿದ್ದರೆ ಆ ಗಾಳಿ ಹೊರಹೋಗಲು ದಾರಿಯಿಲ್ಲ. ಒತ್ತಡದ ಬಿಂದು ಮೇಲಕ್ಕೂ ಹಿಂದಕ್ಕೂ ಸರಿದು ಹಿಂಗೈಯನ್ನು ಜಗ್ಗುತ್ತದೆ, ಸವಾರ ಹಾಯಿಯನ್ನು ಬಿಡುತ್ತಾನೆ ಅಥವಾ ಅದರೊಡನೆ ತಾನೂ ಹಾರಿಬೀಳುತ್ತಾನೆ. 1980ರ ದಶಕದ ಹಾಯಿಗಳನ್ನು ಬಿಗಿಯಂಚಿನಿಂದಲೇ ಕಟ್ಟುತ್ತಿದ್ದರು. ಸಡಿಲ ಅಂಚಿನ ವಿನ್ಯಾಸ ಮುಂದಿನ ದಶಕದಲ್ಲಿ ನೆಲೆಯೂರಿತು. ಹಳೆಯ ಕಾಲದವರಿಂದ ಪಾಠ ಹೇಳಿಸಿಕೊಂಡವರು ಈ ವ್ಯತ್ಯಾಸವನ್ನು ನೆನಪಿನಲ್ಲಿಡತಕ್ಕದ್ದು.

ಅನೇಕ ಹಾಯಿಗಳ ಮೇಲ್ಭಾಗದಲ್ಲಿ ಜೋಲು ಎಲ್ಲಿಯವರೆಗೆ ಬರಬೇಕೆಂದು ಚುಕ್ಕಿ ಅಥವಾ ಗೆರೆ ಹಾಕಿರುತ್ತಾರೆ. ಅದಿಲ್ಲದಿದ್ದರೆ ಎರಡು ಗುರುತುಗಳನ್ನು ನೋಡಬಹುದು. ಮಾಸ್ಟ್‌ನ ಉದ್ದಕ್ಕೂ ಬ್ಯಾಟನ್‌ಗಳ ನಡುವೆ ಅಡ್ಡ ಸುಕ್ಕುಗಳು ಉಳಿದಿದ್ದರೆ ಎಳೆತ ಸಾಲದು. ಬೂಮ್‌ನ ಮೇಲಿರುವ ಬ್ಯಾಟನ್‌ನ ಮುಂತುದಿ ಮಾಸ್ಟ್‌ನ ಮಧ್ಯವನ್ನೂ ದಾಟಿ ಚಾಚಿಕೊಂಡಿದ್ದರೂ ಹಾಗೆಯೇ. ಸಂದೇಹವಿದ್ದಾಗ ಇನ್ನೊಂದು ಸೆಂಟಿಮೀಟರ್ ಎಳೆಯುವುದೇ ಸರಿ. ಹೊಸಬರಲ್ಲಿ ಅತಿಯಾಗಿ ಎಳೆದವರಿಗಿಂತ ಸಾಲದೆ ಎಳೆದವರೇ ಬಹಳ.

ಬೂಮ್ ಮತ್ತು ಔಟ್‌ಹಾಲ್

ಹಾಯಿಯ ಹಿಂಬದಿ ಮೂಲೆಯನ್ನು ಬೂಮ್‌ನ ತುದಿಗೆ ಎಳೆದು ಕಟ್ಟುವ ಹಗ್ಗವೇ ಔಟ್‌ಹಾಲ್. ಇದನ್ನು ಡೌನ್‌ಹಾಲ್ ಆದ ಮೇಲೆಯೇ ಬಿಗಿಯಬೇಕು. ಇಲ್ಲಿ ಸಂಯಮ ಬೇಕು: ಹಾಯಿ ಸಹಜವಾಗಿ ನಿಂತ ಸ್ಥಿತಿಯಿಂದ ಎರಡು ಮೂರು ಸೆಂಟಿಮೀಟರ್ ಎಳೆದರೆ ಸಾಮಾನ್ಯ ಗಾಳಿಗೆ ಸಾಕು. ಗಾಳಿ ಕಡಿಮೆಯಿದ್ದರೆ ಸ್ವಲ್ಪ ಸಡಿಲಿಸಿ ಹಾಯಿಗೆ ಹೊಟ್ಟೆ ಕೊಡಬಹುದು, ಜೋರಾದರೆ ಇನ್ನಷ್ಟು ಎಳೆದು ಚಪ್ಪಟೆ ಮಾಡಬಹುದು. ಡೌನ್‌ಹಾಲ್‌ನ ಕೊರತೆಯನ್ನು ಔಟ್‌ಹಾಲ್‌ನಿಂದ ತುಂಬಲು ಯತ್ನಿಸಿದರೆ ಸುಕ್ಕು ಹೋಗುತ್ತದೆ, ದೋಷ ಹೋಗುವುದಿಲ್ಲ.

ಬೂಮ್‌ನ ಎತ್ತರ ಹಲಗೆಯ ಮೇಲೆ ನಿಂತಾಗ ಭುಜಕ್ಕೂ ಗದ್ದಕ್ಕೂ ನಡುವೆ ಇರಬೇಕು. ಕಲಿಯುವವರಿಗೆ ಭುಜದ ಮಟ್ಟ ಒಳ್ಳೆಯದು. ಮಾಸ್ಟ್‌ಗಳಲ್ಲಿ ದಪ್ಪ ಮತ್ತು ಸಣ್ಣ ಎಂಬ ಎರಡು ಬಗೆಗಳಿದ್ದು, ದಪ್ಪ ಮಾಸ್ಟ್‌ಗೆ ಮಾಡಿದ ಬೂಮ್ ಹಿಡಿಯನ್ನು ಸಣ್ಣ ಮಾಸ್ಟ್‌ಗೆ ಹಾಕುವಾಗ ನಡುವೆ ರಬ್ಬರ್ ಅಥವಾ ಪ್ಲಾಸ್ಟಿಕ್‌ನ ಪಟ್ಟಿ ಬೇಕೇ ಬೇಕು. ಇಲ್ಲದಿದ್ದರೆ ಬೂಮ್ ನೀರಿನ ನಡುವೆ ಜಾರಿಬಿಡುತ್ತದೆ. ಕಟ್ಟಿಯಾದ ಹಾಯಿಯನ್ನು ಮರಳಿನ ಮೇಲಿಡುವಾಗ ಮಾಸ್ಟ್ ಗಾಳಿ ಬರುವ ದಿಕ್ಕಿಗಿರಲಿ. ಹಿಂಬದಿ ಗಾಳಿಗೆ ಸಿಕ್ಕಿದರೆ ಇಡೀ ಹಾಯಿ ಪಲ್ಟಿ ಹೊಡೆದು ಪಕ್ಕದಲ್ಲಿ ಕುಳಿತವರ ಮೇಲೆ ಬೀಳಬಹುದು.

ಯಾವ ಗಾಳಿಗೆ ಯಾವ ಹಾಯಿ

ಗಾಳಿಯ ಬಲ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 10 ನಾಟ್ ಅಂದರೆ ಗಂಟೆಗೆ ಸುಮಾರು 18 ಕಿ.ಮೀ. ಇದ್ದ ಗಾಳಿ 14 ನಾಟ್ ಆದರೆ ಬಲ ಹೆಚ್ಚುಕಡಿಮೆ ಇಮ್ಮಡಿ. ದಡದಲ್ಲಿ ನಿಂತವರಿಗೆ ಈ ನಾಲ್ಕು ನಾಟ್‌ಗಳ ಏರಿಕೆ ಅಷ್ಟಾಗಿ ತಿಳಿಯುವುದಿಲ್ಲ. ಸಮುದ್ರದ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಾಣಿಸತೊಡಗಿದರೆ ಗಾಳಿ 10 ನಾಟ್‌ನ ಆಸುಪಾಸಿನಲ್ಲಿದೆ. ಎಲ್ಲೆಡೆ ನೊರೆಯಿದ್ದರೆ ಕಲಿಯುವವರ ಮಿತಿ ಮೀರಿದೆ ಎಂದೇ ತಿಳಿಯಬೇಕು. ವಯಸ್ಕರು ಕಲಿಕೆಯ ಹಂತದಲ್ಲಿ 5 ಚದರ ಮೀಟರ್‌ಗಿಂತ ದೊಡ್ಡ ಹಾಯಿಗೆ ಆತುರಪಡಬೇಕಿಲ್ಲ. ದೊಡ್ಡ ಹಾಯಿ ನೀರಿನಿಂದ ಮೇಲೆತ್ತುವಾಗಲೇ ಸೊಂಟ ಮುರಿಯುತ್ತದೆ.

ಸೊಂಟಪಟ್ಟಿಯ ಕೊಕ್ಕೆಗೆ ಸಿಕ್ಕಿಸುವ ಹಾರ್ನೆಸ್ ಹಗ್ಗಗಳು ಆರಂಭದಲ್ಲಿ ಬೇಡ. ಬೇಕಾದ ಹಂತಕ್ಕೆ ಬಂದವರು ದಡದಲ್ಲಿಯೇ ಹಾಯಿಯನ್ನು ಗಾಳಿಗೆ ಹಿಡಿದು, ಒಂದೇ ಕೈಯಲ್ಲಿ ಬೂಮ್ ತೂಗುವ ಬಿಂದುವನ್ನು ಹುಡುಕಿ, ಅದರ ಎರಡೂ ಬದಿಗೆ ಹಗ್ಗದ ತುದಿಗಳು ಬರುವಂತೆ ಕಟ್ಟಿಕೊಳ್ಳಬಹುದು.

ಅಗ್ಗದ ಭಾಗ, ದುಬಾರಿ ತಪ್ಪು

ಹಾಯಿ ಎಷ್ಟೇ ಅಂದವಾಗಿ ನಿಂತಿದ್ದರೂ ಅದನ್ನು ಹಲಗೆಗೆ ಹಿಡಿದಿಟ್ಟಿರುವುದು ಅಂಗೈಯಗಲದ ಒಂದು ಜಾಯಿಂಟ್. ಅದು ಬಹುತೇಕ ರಬ್ಬರ್‌ನಿಂದಲೋ ಪಾಲಿಯುರಿಥೇನ್‌ನಿಂದಲೋ ಆಗಿರುತ್ತದೆ. ಬಿಸಿಲು ಮತ್ತು ಉಪ್ಪಿನಿಂದ ವಯಸ್ಸಾದಂತೆ ಅದರಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ. ನೆಟ್ಟಗಿರುವಾಗ ಅದು ಕಾಣದು. ಪೂರ್ತಿ ಬಾಗಿಸಿ ಬುಡದ ಸುತ್ತ ನೋಡಿದರೆ ಕಾಣುತ್ತದೆ. ಬಿರುಕು ಕಂಡ ದಿನವೇ ಬದಲಿಸಬೇಕು, ಇನ್ನೊಂದು ಸವಾರಿಗೆಂದು ಇಟ್ಟುಕೊಳ್ಳಬಾರದು. ದಡದಿಂದ ದೂರದಲ್ಲಿ ಅದು ತುಂಡಾದರೆ ಹಾಯಿ ಒಂದು ಕಡೆ, ಹಲಗೆ ಇನ್ನೊಂದು ಕಡೆ. ಹಗುರವಾದ ಹಲಗೆಯನ್ನು ಗಾಳಿ ಈಜುಗಾರನಿಗಿಂತ ಬೇಗ ಒಯ್ಯುತ್ತದೆ. ಜಾಯಿಂಟ್‌ಗೆ ಸುರಕ್ಷಾ ಪಟ್ಟಿ ಇದೆಯೇ, ಫಿನ್‌ನ ತಿರುಪು ಬಿಗಿಯಿದೆಯೇ, ಹಲಗೆಯ ಗಾಳಿರಂಧ್ರದ ತಿರುಪು ಮುಚ್ಚಿದೆಯೇ ಎಂಬುದನ್ನೂ ಇದೇ ವೇಳೆ ನೋಡಿಕೊಳ್ಳಬೇಕು. ಎರಡು ಮೀಟರ್ ಬಿಡಿ ಹಗ್ಗ ಜೊತೆಯಲ್ಲಿದ್ದರೆ ಹಲವು ಆಪತ್ತುಗಳಿಗೆ ಆಗುತ್ತದೆ. ತೇಲುಡುಗೆ ಕಡ್ಡಾಯ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಗಾಳಿಯ ದಿಕ್ಕನ್ನು ನೋಡದೆ ಹೊರಡುವುದು ಇದಕ್ಕಿಂತ ದೊಡ್ಡ ತಪ್ಪು. ಗೋವಾ ಮತ್ತು ಕರ್ನಾಟಕದ ಕರಾವಳಿಯಲ್ಲಿ ಮಳೆಗಾಲ ಕಳೆದ ಮೇಲೆ ಬೆಳಗಿನ ಹೊತ್ತು ನೆಲದಿಂದ ಕಡಲಿಗೆ ಗಾಳಿ ಬೀಸುವುದುಂಟು. ಮಧ್ಯಾಹ್ನದ ಬಳಿಕ ಅದು ತಿರುಗಿ ಕಡಲಿನಿಂದ ಬೀಸುತ್ತದೆ. ಬೆಳಗಿನ ನೆಲಗಾಳಿಯಲ್ಲಿ ದಡದ ನೀರು ಕನ್ನಡಿಯಂತೆ ಶಾಂತವಾಗಿ ಕಾಣುವುದರಿಂದ ಕಲಿಯುವವರಿಗೆ ಅದೇ ಹಿತವೆನಿಸುತ್ತದೆ. ವಾಸ್ತವದಲ್ಲಿ ಆ ಗಾಳಿ ಹಲಗೆಯನ್ನು ಹೊರಗಡಲಿಗೆ ತಳ್ಳುತ್ತಿರುತ್ತದೆ. ಹಿಂದಿರುಗಲು ಗಾಳಿಗೆ ಎದುರಾಗಿ ಸಾಗುವ ವಿದ್ಯೆ ಬೇಕು, ಹೊಸಬರಿಗೆ ಬಾರದಿರುವುದು ಅದೊಂದೇ. ಮಳೆಗಾಲದ ಮಾತಂತೂ ಬೇಡವೇ ಬೇಡ: ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯ ಯಾಂತ್ರೀಕೃತ ದೋಣಿಗಳೇ ಮೀನುಗಾರಿಕೆಗೆ ಇಳಿಯುವಂತಿಲ್ಲ.

ಏನಾದರೂ ಮುರಿದು ದಡ ದೂರವಾಗುತ್ತಿದ್ದರೆ ಹಾಯಿಯನ್ನು ಕೈಬಿಟ್ಟರೂ ಸರಿ, ಹಲಗೆಯನ್ನು ಬಿಡಬಾರದು. ಅದು ಮುಳುಗುವುದಿಲ್ಲ, ಮೇಲೆ ಮಲಗಿದವರು ದೂರದಿಂದ ಕಾಣುತ್ತಾರೆ. ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ ನಿಧಾನವಾಗಿ ಮೇಲೆ ಕೆಳಗೆ ಆಡಿಸುವುದು ನೆರವು ಬೇಕೆಂಬ ಅಂತರರಾಷ್ಟ್ರೀಯ ಸನ್ನೆ.

ಸವಾರಿ ಮುಗಿದ ಮೇಲೆ ಕಟ್ಟಿದ ಕ್ರಮಕ್ಕೆ ತಿರುವುಮುರುವಾಗಿ ಬಿಚ್ಚಬೇಕು: ಮೊದಲು ಔಟ್‌ಹಾಲ್, ಆಮೇಲೆ ಡೌನ್‌ಹಾಲ್. ಹಾಯಿಯ ಪಾರದರ್ಶಕ ಹಾಳೆ ಬಿಸಿಲಿಗೆ ಬೇಗ ಪೆಡಸಾಗುವುದರಿಂದ ಬಿಗಿದ ಹಾಯಿಯನ್ನು ದಡದಲ್ಲಿ ಒಣಗಲು ಬಿಟ್ಟು ಊಟಕ್ಕೆ ಹೋಗುವ ಪದ್ಧತಿ ಒಳ್ಳೆಯದಲ್ಲ. ಮಾಸ್ಟ್‌ನ ಸಂದು, ವಿಸ್ತರಣೆ ಮತ್ತು ರಾಟೆಗಳನ್ನು ಸಿಹಿನೀರಿನಲ್ಲಿ ತೊಳೆಯಬೇಕು. ಮರಳು ಉಳಿದ ಮಾಸ್ಟ್‌ನ ಎರಡು ತುಂಡುಗಳು ಮಾರನೆಯ ದಿನ ಇಬ್ಬರು ಹಿಡಿದು ತಿರುಚಿದರೂ ಬಿಡುವುದಿಲ್ಲ. ಹಾಯಿ ಮೈಗೊಗ್ಗಿದ ದಿನ, ಬಿಚ್ಚುವ ಮೊದಲು, ಡೌನ್‌ಹಾಲ್ ಹಗ್ಗ ಕ್ಲೀಟ್‌ನಿಂದ ಹೊರಬರುವ ಜಾಗಕ್ಕೆ ಮಾಸದ ಶಾಯಿಯಿಂದ ಒಂದು ಗುರುತು ಹಾಕಿಕೊಂಡರೆ ಮುಂದಿನ ಬಾರಿ ಅಲ್ಲಿಯವರೆಗೆ ಎಳೆದರಾಯಿತು.