ಸೇರಿನ ಲೆಕ್ಕ

ನಮ್ಮನೇಲಿ ಒಂದು ಹಿತ್ತಾಳೆ ಸೇರು ಐತೆ. ಅಜ್ಜನ ಕಾಲದ್ದು, ಒಂದು ಕಡೆ ನೆಗ್ಗಿದೆ. ಹೋದ ಸುಗ್ಗೀಲಿ ಅದನ್ನ ತೊಳೆದು, ಅದರಲ್ಲಿ ಅಳೆದಿದ್ದನ್ನ ಅಂಗಡಿ ತಕ್ಕಡೀಲಿ ತೂಗಿಸಿ ನೋಡಿದೆ. ತಲೆ ಸವರಿ ಅಳೆದ ರಾಗಿ 800 ಗ್ರಾಂ ಹತ್ರ ಬಂತು. ಅದೇ ಸೇರಿಗೆ ರಾಗಿಹಿಟ್ಟು 600 ಮುಟ್ಟಲಿಲ್ಲ. ಸಿಪ್ಪೆ ಸಮೇತ ಕಡ್ಲೆಕಾಯಿ 300ರ ಒಳಗೇ ನಿಂತಿತು. ಪುಡಿ ಉಪ್ಪು ಕಿಲೋ ದಾಟಿತು.

ಈಗಿನ ಮಕ್ಕಳಿಗೆ ಸೇರು ಅಂದ್ರೆ ಒಂದೇ ಅಂತ ತಿಳಿವಳಿಕೆ. ಹಂಗಲ್ಲ. ಅಳೆಯೋ ಸೇರು ಬೇರೆ, ತೂಗೋ ಸೇರು ಬೇರೆ. ಅಳೆಯೋ ಸೇರಿನ ಅರ್ಧ ಅಚ್ಚೇರು, ಕಾಲುಭಾಗ ಪಾವು. ಮೇಲಕ್ಕೆ ಹೋದ್ರೆ ಬಳ್ಳ, ಕೊಳಗ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಖಂಡುಗ ಬೀಜ ಹಿಡಿಯೋ ಹೊಲಕ್ಕೂ ಖಂಡುಗ ಅಂತಲೇ ಹೆಸರು. ಹಳೇ ಕನ್ನಡ ಶಾಸನಗಳಲ್ಲಿ ಭೂಮಿ ದಾನಕ್ಕೂ ಈ ಮಾತು ಬರುತ್ತೆ. ನಾನು ಕಣದ ಹಾಡು ಹೇಳೋನು. ಹಾಡಲ್ಲಿ ಕೊಳಗ ಇನ್ನೂ ಉಳಿದೈತೆ, ಕಣದಲ್ಲಿ ಇಲ್ಲ.

ತೂಗೋ ಸೇರಲ್ಲಿ ಮತ್ತೆ ಎರಡು ಥರ. ಕಚ್ಚಾ ಸೇರು 24 ತೊಲ, ಈಗಿನ 280 ಗ್ರಾಂ. ಪಕ್ಕಾ ಸೇರು 80 ತೊಲ, ಅಂದ್ರೆ 933 ಗ್ರಾಂ. ಎರಡರಲ್ಲೂ 40 ಸೇರಿಗೆ ಒಂದು ಮಣ. ಹಂಗಾಗಿ ಒಂದು ಮಣ 11 ಕಿಲೋ ಚಿಲ್ಲರೆ, ಇನ್ನೊಂದು ಮಣ 37 ಕಿಲೋ ಮೇಲೆ. ಹಿಂದೂಪುರಕ್ಕೆ ಬೆಲ್ಲ, ಹುಣಸೆಹಣ್ಣು ಹೊತ್ತು ಹೋದೋರು ಬೆಲೆಗಿಂತ ಮುಂಚೆ ಯಾವ ಮಣ ಅಂತ ಕೇಳ್ಕೋಬೇಕಿತ್ತು. ನಮ್ಮದು 1953ರ ತನಕ ಮದ್ರಾಸಿಗೆ ಸೇರಿದ ಸೀಮೆ, ಪಕ್ಕದ ಪಾವಗಡ ಮೈಸೂರಿನದು. ನನ್ನ ಹೆಂಡತಿ ಕಲ್ಯಾಣದುರ್ಗದ ಕಡೆಯವಳು. ಬಂದ ಹೊಸದರಲ್ಲಿ ಅವಳ ಬಾಯಲ್ಲಿ ಸೇರಿಲ್ಲ, ಪಡಿ! ಅವರ ಪಡಿ ನಮ್ಮ ಸೇರಿಗಿಂತ ದೊಡ್ಡದು. ಮೊದಲನೇ ಹಬ್ಬಕ್ಕೆ ಅನ್ನ ಮಿಕ್ಕಿ ಹಟ್ಟಿಗೆಲ್ಲ ಹಂಚಿದೆವು.

1956ರಲ್ಲಿ ಕಾನೂನು ಆಯ್ತು, 1958ರಿಂದ ಕಿಲೋ ಬರೋಕೆ ಶುರುವಾಯ್ತು. ಆದ್ರೆ ನಾನು ಸ್ಕೂಲಿಗೆ ಹೋಗುವಾಗಲೂ ಹಳ್ಳೀಲಿ ಸೇರೇ ನಡೀತಿತ್ತು. ನಾನು ಐದನೇ ಕ್ಲಾಸಲ್ಲಿದ್ದಾಗ ಮಳೆ ಕೈಕೊಡ್ತು. ನಮ್ಮಪ್ಪ ಒಬ್ಬರ ಹತ್ರ 40 ಸೇರು ರಾಗಿ ಸಾಲ ತಂದ. ನಮ್ಮ ಸೇರಿನಲ್ಲೇ ಅಳೆದು, ತಲೆ ಸವರಿ ಕೊಟ್ಟಿದ್ದರು. ಸುಗ್ಗೀಲಿ ವಸೂಲಿಗೆ ಬಂದಾಗ ತಕ್ಕಡಿ ತಂದರು. ‘ಸರ್ಕಾರ ಸೇರು ತೆಗೆದು ಕಿಲೋ ಮಾಡೈತೆ, ಸೇರಿಗೆ ಕಿಲೋ’ ಅಂದರು. 40 ಕಿಲೋ ತೂಗಿದರು. ಬಡ್ಡಿ ಬೇರೆ. ಅಪ್ಪ ಸುಮ್ಮನೆ ನಿಂತಿದ್ದ.

ಅವ್ವ ಒಳಗಿಂದ ಸೇರು ತಂದು, ತೂಗಿಟ್ಟ ಅಸಲಿನ ರಾಗೀನ ಮತ್ತೆ ಅಳೆಯೋಕೆ ಕೂತಳು. ಒಂದು ಅನ್ನೋ ಬದಲು ಲಾಭ ಅಂತ ಎಣಿಸೋದು ನಮ್ಮ ಪದ್ಧತಿ. ಲಾಭ, ಎರಡು, ಮೂರು ಅಂತ ಎಣಿಸ್ತಾ ಹೋಗಿ ಐವತ್ತಕ್ಕೆ ನಿಲ್ಲಿಸಿದಳು. ‘ಸ್ವಾಮಿ, ನೀವು ಕೊಟ್ಟಿದ್ದು ನಲವತ್ತು’ ಅಂದಳು. ಅವರು ಚೀಲ ಕಟ್ಟಿಸಿಕೊಂಡು ಹೋದರು. ಹತ್ತು ಸೇರು ಅಂದ್ರೆ ನಮ್ಮ ಮನೆಗೆ ಐದು ದಿನದ ಮುದ್ದೆ.

ಆಮೇಲೆ ಅವ್ವ ಅಕ್ಕಪಕ್ಕದೋರಿಗೆ ಕೊಟ್ರೂ ತಂದ್ರೂ ಅದೇ ಸೇರು, ಅದೇ ತಲೆ ಸವರು. ಹಿಟ್ಟು ತಂದಿದ್ರೆ ಹಿಟ್ಟೇ ವಾಪಸ್, ಕಾಳು ತಂದಿದ್ರೆ ಕಾಳೇ.

ಮೇಷ್ಟ್ರುಗಳಿಗೆ ಒಂದು ಮಾತು. ಬಿಸಿಯೂಟಕ್ಕೆ ಚಿಕ್ಕ ಕ್ಲಾಸಿನ ಮಗುವಿಗೆ 100 ಗ್ರಾಂ ಅಕ್ಕಿ, ದೊಡ್ಡ ಕ್ಲಾಸಿಗೆ 150 ಅಂತ ಲೆಕ್ಕ. ಅಡುಗೆಯಮ್ಮ ಹಾಕೋದು ಡಬ್ಬೀಲಿ. ಆ ಡಬ್ಬಿಗೆ ಅಕ್ಕಿ ಎಷ್ಟು, ಬೇಳೆ ಎಷ್ಟು ಅಂತ ಮಕ್ಕಳ ಕೈಲೇ ತೂಗಿಸಿ, ಗೋಡೆ ಮೇಲೆ ಬರೆಸಿ.