ಸ್ಟಾಕ್ ಸ್ಕ್ಯಾನಿಂಗ್

ಸ್ಟಾಕ್ ಸ್ಕ್ಯಾನಿಂಗ್ ಅಥವಾ ಷೇರು ಶೋಧನೆ ಎಂದರೆ ಷೇರು ವಿನಿಮಯ ಕೇಂದ್ರದಲ್ಲಿ ನೋಂದಾಯಿತವಾಗಿರುವ ಕಂಪನಿಗಳ ಬೆಲೆ ಮತ್ತು ವಹಿವಾಟಿನ ದತ್ತಾಂಶವನ್ನು ಚಾರ್ಟ್ ತಂತ್ರಾಂಶದ ಮೂಲಕ ಪರಿಶೀಲಿಸಿ, ಬಳಕೆದಾರರು ಬರೆದ ಸೂತ್ರಕ್ಕೆ ಹೊಂದುವ ಷೇರುಗಳನ್ನು ಮಾತ್ರ ಪಟ್ಟಿ ಮಾಡುವ ವಿಧಾನ. ಇದು ತಾಂತ್ರಿಕ ವಿಶ್ಲೇಷಣೆಯ ಒಂದು ಸಾಧನವಾಗಿದೆ. ಸಾವಿರಾರು ಚಾರ್ಟ್‌ಗಳನ್ನು ಒಂದೊಂದಾಗಿ ನೋಡುವ ಶ್ರಮವನ್ನು ಇದು ಕೆಲವು ಕ್ಷಣಗಳಿಗೆ ಇಳಿಸುತ್ತದೆ. ಆದರೆ ಸೂತ್ರವು ಈಗಾಗಲೇ ನಡೆದುಹೋದ ವಹಿವಾಟನ್ನು ವಿವರಿಸುತ್ತದೆಯೇ ಹೊರತು ಮುಂದಿನ ಬೆಲೆಯನ್ನು ನಿರ್ಧರಿಸುವುದಿಲ್ಲ. ಆದ್ದರಿಂದ ಸ್ಕ್ಯಾನ್‌ನಿಂದ ದೊರೆತ ಪಟ್ಟಿಯು ಖರೀದಿಯ ಪಟ್ಟಿಯಲ್ಲ, ಪರಿಶೀಲನೆಗೆ ಅರ್ಹವಾದ ಷೇರುಗಳ ಪಟ್ಟಿ.

ಹಿನ್ನೆಲೆ

ಬೆಲೆಯ ಏರಿಳಿತವನ್ನು ಚಿತ್ರರೂಪದಲ್ಲಿ ದಾಖಲಿಸುವ ಪದ್ಧತಿಯು ಗಣಕಯಂತ್ರಕ್ಕಿಂತ ಬಹಳ ಹಳೆಯದು. ಕ್ಯಾಂಡಲ್‌ಸ್ಟಿಕ್ ಚಾರ್ಟ್‌ನ ಮೂಲವನ್ನು ಜಪಾನಿನ ಅಕ್ಕಿ ವ್ಯಾಪಾರದಲ್ಲಿ ಗುರುತಿಸಲಾಗುತ್ತದೆ. ಅಮೆರಿಕದಲ್ಲಿ ರಾಬರ್ಟ್ ಎಡ್ವರ್ಡ್ಸ್ ಮತ್ತು ಜಾನ್ ಮ್ಯಾಗೀ 1948ರಲ್ಲಿ ಪ್ರಕಟಿಸಿದ ಗ್ರಂಥವು ಚಾರ್ಟ್ ವಿನ್ಯಾಸಗಳ ಅಧ್ಯಯನಕ್ಕೆ ಆಧಾರವಾಯಿತು. ಆ ಕಾಲದಲ್ಲಿ ಚಾರ್ಟ್‌ಗಳನ್ನು ಕಾಗದದ ಮೇಲೆ ಕೈಯಿಂದ ಬರೆಯಲಾಗುತ್ತಿತ್ತು. ಹೀಗಾಗಿ ಒಬ್ಬರು ಗಮನಿಸಬಹುದಾದ ಷೇರುಗಳ ಸಂಖ್ಯೆ ಸೀಮಿತವಾಗಿತ್ತು.

1978ರಲ್ಲಿ ಜೆ. ವೆಲ್ಸ್ ವೈಲ್ಡರ್ ತಮ್ಮ ಪುಸ್ತಕದಲ್ಲಿ ಆರ್‌ಎಸ್‌ಐ, ಎಡಿಎಕ್ಸ್, ಎಟಿಆರ್ ಮುಂತಾದ ಸೂಚಕಗಳನ್ನು ಪರಿಚಯಿಸಿದರು. ಕಣ್ಣಿನ ಅಂದಾಜಿನ ಬದಲು ಅಂಕಗಣಿತದ ಹಂತಗಳನ್ನು ಅವಲಂಬಿಸಿದ್ದರಿಂದ ಇವು ಗಣಕಯಂತ್ರಕ್ಕೆ ಸುಲಭವಾಗಿ ಒಗ್ಗಿದವು. 1980ರ ದಶಕದಲ್ಲಿ ವೈಯಕ್ತಿಕ ಗಣಕಗಳು ಬಳಕೆಗೆ ಬಂದಂತೆ ಸೂತ್ರ ಆಧಾರಿತ ಶೋಧನೆ ಸಾಮಾನ್ಯ ಹೂಡಿಕೆದಾರರಿಗೂ ಲಭ್ಯವಾಯಿತು.

ತಂತ್ರಾಂಶಗಳು

ಮೆಟಾಸ್ಟಾಕ್ 1980ರ ದಶಕದಿಂದ ಬಳಕೆಯಲ್ಲಿರುವ ಅಮೆರಿಕದ ತಂತ್ರಾಂಶ. ಇದು ತನ್ನದೇ ಆದ ಸೂತ್ರಭಾಷೆಯನ್ನು ಹೊಂದಿದೆ. ಟೊಮಾಶ್ ಯಾನೆಚ್ಕೊ ರೂಪಿಸಿದ ಅಮಿಬ್ರೋಕರ್ ಮೊದಲು ಅಮಿಗಾ ಗಣಕಗಳಿಗಾಗಿ ಸಿದ್ಧಗೊಂಡಿತ್ತು. ಅದರ ಹೆಸರೂ ಅಲ್ಲಿಂದಲೇ ಬಂದಿದೆ. ಇದರ ಸೂತ್ರಭಾಷೆಯನ್ನು ಎಎಫ್‌ಎಲ್ ಎಂದು ಕರೆಯುತ್ತಾರೆ. 2011ರಲ್ಲಿ ಆರಂಭವಾದ ಟ್ರೇಡಿಂಗ್‌ವ್ಯೂ ಜಾಲತಾಣದಲ್ಲಿ ಪೈನ್ ಸ್ಕ್ರಿಪ್ಟ್ ಎಂಬ ಭಾಷೆಯಿದೆ. ಭಾರತದ ಷೇರುಗಳ ಶೋಧನೆಗೆ ಚಾರ್ಟ್‌ಇಂಕ್ ಬಳಕೆಯಲ್ಲಿದ್ದು, ಅದರಲ್ಲಿ ಪ್ರೋಗ್ರಾಮಿಂಗ್ ತಿಳಿಯದವರೂ ಷರತ್ತುಗಳನ್ನು ಆರಿಸಿ ಜೋಡಿಸಬಹುದು. ಬೆಂಗಳೂರು ಮೂಲದ ಜೆರೋಧಾದಂತಹ ಬ್ರೋಕರೇಜ್ ಸಂಸ್ಥೆಗಳು ತಮ್ಮ ವಹಿವಾಟು ವೇದಿಕೆಯಲ್ಲಿಯೇ ಚಾರ್ಟ್ ಸೌಲಭ್ಯವನ್ನು ಒದಗಿಸುತ್ತವೆ.

ಸೂತ್ರದ ರಚನೆ

ದೈನಂದಿನ ಶೋಧನೆಗೆ ಪ್ರತಿ ಷೇರಿನ ಐದು ಅಂಕಿಗಳು ಸಾಕಾಗುತ್ತವೆ: ಆರಂಭದ ಬೆಲೆ, ಗರಿಷ್ಠ ಬೆಲೆ, ಕನಿಷ್ಠ ಬೆಲೆ, ಮುಕ್ತಾಯದ ಬೆಲೆ ಮತ್ತು ವಹಿವಾಟಾದ ಷೇರುಗಳ ಪ್ರಮಾಣ. ಇವುಗಳಿಂದ ಸೂಚಕಗಳನ್ನು ಲೆಕ್ಕಹಾಕಿ, ಹೋಲಿಕೆಯ ಷರತ್ತುಗಳನ್ನು ವಿಧಿಸಿ, ಆ ಷರತ್ತುಗಳನ್ನು 'ಮತ್ತು', 'ಅಥವಾ' ಎಂಬ ತಾರ್ಕಿಕ ಸಂಬಂಧಗಳಿಂದ ಜೋಡಿಸಿದಾಗ ಸೂತ್ರ ಸಿದ್ಧವಾಗುತ್ತದೆ. ಏರುಮುಖದಲ್ಲಿರುವ ಷೇರುಗಳನ್ನು ಹುಡುಕುವ ಒಂದು ಸರಳ ಸೂತ್ರ ಹೀಗಿರಬಹುದು:

1. ಇಂದಿನ ಮುಕ್ತಾಯದ ಬೆಲೆ 50 ದಿನಗಳ ಚಲಿಸುವ ಸರಾಸರಿಗಿಂತ ಹೆಚ್ಚಿರಬೇಕು, ಮತ್ತು
2. ಇಂದಿನ ಮುಕ್ತಾಯದ ಬೆಲೆ, ನಿನ್ನೆಯವರೆಗಿನ 20 ದಿನಗಳ ಗರಿಷ್ಠ ಬೆಲೆಯನ್ನು ಮೀರಿರಬೇಕು, ಮತ್ತು
3. ಇಂದಿನ ವಹಿವಾಟಿನ ಪ್ರಮಾಣ, ನಿನ್ನೆಯವರೆಗಿನ 20 ದಿನಗಳ ಸರಾಸರಿಯ ಒಂದೂವರೆ ಪಟ್ಟಿಗಿಂತ ಹೆಚ್ಚಿರಬೇಕು.

ಎರಡನೆಯ ಷರತ್ತಿನಲ್ಲಿರುವ 'ನಿನ್ನೆಯವರೆಗಿನ' ಎಂಬ ಪದ ಮುಖ್ಯವಾದುದು. ಇಂದಿನ ದಿನವನ್ನೂ 20 ದಿನಗಳಲ್ಲಿ ಸೇರಿಸಿದರೆ, ಇಂದಿನ ಮುಕ್ತಾಯದ ಬೆಲೆ ಆ ಅವಧಿಯ ಗರಿಷ್ಠ ಬೆಲೆಯನ್ನು ಎಂದಿಗೂ ಮೀರಲಾರದು. ಆಗ ತಂತ್ರಾಂಶವು ಯಾವ ದೋಷವನ್ನೂ ತೋರಿಸದೆ ಖಾಲಿ ಪಟ್ಟಿಯನ್ನು ನೀಡುತ್ತದೆ.

ಸ್ಥಿತಿಗೂ ಘಟನೆಗೂ ಇರುವ ವ್ಯತ್ಯಾಸವನ್ನು ಸೂತ್ರದಲ್ಲಿ ಸ್ಪಷ್ಟಪಡಿಸಬೇಕಾಗುತ್ತದೆ. ಬೆಲೆಯು ಸರಾಸರಿಗಿಂತ ಮೇಲಿರುವುದು ಸ್ಥಿತಿ; ಅದು ತಿಂಗಳುಗಟ್ಟಲೆ ಮುಂದುವರಿಯಬಹುದು. ಸರಾಸರಿಯನ್ನು ದಾಟುವುದು ಘಟನೆ. ಅದನ್ನು ಗುರುತಿಸಲು ನಿನ್ನೆ ಬೆಲೆ ಸರಾಸರಿಗಿಂತ ಕೆಳಗಿತ್ತು, ಇಂದು ಮೇಲಿದೆ ಎಂಬ ಎರಡು ಷರತ್ತುಗಳು ಬೇಕು.

ಪ್ರಮುಖ ಸೂಚಕಗಳು

ಚಲಿಸುವ ಸರಾಸರಿ: ನಿಗದಿತ ದಿನಗಳ ಮುಕ್ತಾಯದ ಬೆಲೆಗಳ ಸರಾಸರಿ. ಪ್ರತಿದಿನ ಹೊಸ ಬೆಲೆ ಸೇರಿ ಹಳೆಯದು ಬಿಟ್ಟುಹೋಗುತ್ತದೆ. ಇದು ಬೆಲೆಯ ಹಿಂದೆ ಸಾಗುವ ಸೂಚಕವಾದ್ದರಿಂದ ತಿರುವನ್ನು ತಡವಾಗಿ ತೋರಿಸುತ್ತದೆ.

ಆರ್‌ಎಸ್‌ಐ: ಸಾಮಾನ್ಯವಾಗಿ 14 ದಿನಗಳ ಸರಾಸರಿ ಏರಿಕೆಯನ್ನು ಸರಾಸರಿ ಇಳಿಕೆಯಿಂದ ಭಾಗಿಸಿ, 0ಯಿಂದ 100ರ ಮಾಪನಕ್ಕೆ ತರಲಾಗುತ್ತದೆ. ಸರಾಸರಿ ಏರಿಕೆ 6 ರೂಪಾಯಿ, ಸರಾಸರಿ ಇಳಿಕೆ 4 ರೂಪಾಯಿ ಇದ್ದರೆ ಅನುಪಾತ 1.5. ಇದಕ್ಕೆ 1 ಕೂಡಿಸಿದರೆ 2.5. 100ನ್ನು 2.5ರಿಂದ ಭಾಗಿಸಿದರೆ 40. ಅದನ್ನು 100ರಿಂದ ಕಳೆದಾಗ ಆರ್‌ಎಸ್‌ಐ 60 ಆಗುತ್ತದೆ. 70ರ ಮೇಲಿದ್ದರೆ ಅತಿ ಖರೀದಿ, 30ರ ಕೆಳಗಿದ್ದರೆ ಅತಿ ಮಾರಾಟ ಎಂಬುದು ರೂಢಿ. ಆದರೆ ಬಲವಾದ ಏರುಗತಿಯಲ್ಲಿ ಸೂಚಕವು ದೀರ್ಘಕಾಲ 70ರ ಮೇಲೆಯೇ ಉಳಿಯಬಹುದು.

ಎಂಎಸಿಡಿ: ಜೆರಾಲ್ಡ್ ಅಪೆಲ್ ರೂಪಿಸಿದ ಸೂಚಕ. 12 ಮತ್ತು 26 ದಿನಗಳ ಘಾತೀಯ ಸರಾಸರಿಗಳ ವ್ಯತ್ಯಾಸವನ್ನು ಅದರದೇ 9 ದಿನಗಳ ಸರಾಸರಿಯೊಂದಿಗೆ ಹೋಲಿಸಲಾಗುತ್ತದೆ.

ಬೋಲಿಂಜರ್ ಪಟ್ಟಿಗಳು: ಜಾನ್ ಬೋಲಿಂಜರ್ 1980ರ ದಶಕದಲ್ಲಿ ಬಳಕೆಗೆ ತಂದರು. 20 ದಿನಗಳ ಸರಾಸರಿಯ ಮೇಲೆ ಮತ್ತು ಕೆಳಗೆ ಎರಡು ಮಾನಕ ವಿಚಲನೆಗಳಷ್ಟು ದೂರದಲ್ಲಿ ಗೆರೆಗಳನ್ನು ಎಳೆಯಲಾಗುತ್ತದೆ.

ದತ್ತಾಂಶದ ದೋಷಗಳು

ದತ್ತಾಂಶ ಸರಿಯಿಲ್ಲದಿದ್ದರೆ ಸರಿಯಾದ ಸೂತ್ರವೂ ತಪ್ಪು ಫಲಿತಾಂಶ ನೀಡುತ್ತದೆ. ಬೋನಸ್ ಷೇರು ಅಥವಾ ಷೇರು ವಿಭಜನೆಯ ನಂತರ ಹಳೆಯ ಬೆಲೆಗಳನ್ನು ಹೊಂದಿಸದಿರುವುದು ಸಾಮಾನ್ಯ ದೋಷ. ಉದಾಹರಣೆಗೆ, ಇನ್ಫೋಸಿಸ್ 2018ರಲ್ಲಿ ಪ್ರತಿ ಒಂದು ಷೇರಿಗೆ ಒಂದು ಬೋನಸ್ ಷೇರು ನೀಡಿತು. ಇದರಿಂದ ಷೇರಿನ ಬೆಲೆ ಸುಮಾರು ಅರ್ಧಕ್ಕೆ ಇಳಿದರೂ ಷೇರುಗಳ ಸಂಖ್ಯೆ ಇಮ್ಮಡಿಯಾದ ಕಾರಣ ಹೂಡಿಕೆದಾರರಿಗೆ ನಷ್ಟವಾಗಲಿಲ್ಲ. ಹೊಂದಿಸದ ದತ್ತಾಂಶದಲ್ಲಿ ಮಾತ್ರ ಇದು ಭಾರಿ ಕುಸಿತವಾಗಿ ಕಾಣುತ್ತದೆ ಮತ್ತು 50 ದಿನಗಳ ಸರಾಸರಿಯು ಮುಂದಿನ 50 ವಹಿವಾಟು ದಿನಗಳ ತನಕ ತಪ್ಪಾಗಿರುತ್ತದೆ.

ಇನ್ನೊಂದು ದೋಷ ಉಳಿದವರ ಪಕ್ಷಪಾತ. ಇಂದು ನೋಂದಾಯಿತವಾಗಿರುವ ಕಂಪನಿಗಳ ಮೇಲೆ ಮಾತ್ರ ಸೂತ್ರವನ್ನು ಪರೀಕ್ಷಿಸಿದರೆ, ಮುಚ್ಚಿಹೋದ ಅಥವಾ ಪಟ್ಟಿಯಿಂದ ಹೊರಬಿದ್ದ ಕಂಪನಿಗಳ ನಷ್ಟ ಲೆಕ್ಕಕ್ಕೆ ಬರುವುದಿಲ್ಲ. ಆಗ ಫಲಿತಾಂಶವು ವಾಸ್ತವಕ್ಕಿಂತ ಉತ್ತಮವಾಗಿ ತೋರುತ್ತದೆ.

ಹಿಂಪರೀಕ್ಷೆ ಮತ್ತು ಅದರ ಮಿತಿ

ಸೂತ್ರವನ್ನು ಹಿಂದಿನ ವರ್ಷಗಳ ದತ್ತಾಂಶಕ್ಕೆ ಅನ್ವಯಿಸಿ ಲಾಭ ನಷ್ಟಗಳನ್ನು ಲೆಕ್ಕ ಹಾಕುವುದು ಹಿಂಪರೀಕ್ಷೆ. ದಿನದ ಮುಕ್ತಾಯದ ಬೆಲೆಯನ್ನು ಅವಲಂಬಿಸಿದ ಸೂತ್ರದ ಫಲಿತಾಂಶ ಪೇಟೆ ಮುಚ್ಚಿದ ನಂತರವೇ ತಿಳಿಯುತ್ತದೆ. ಆದ್ದರಿಂದ ಖರೀದಿಯನ್ನು ಮರುದಿನದ ಬೆಲೆಗೆ ಲೆಕ್ಕಹಾಕಬೇಕು. ಬ್ರೋಕರೇಜ್, ಷೇರು ವಹಿವಾಟು ತೆರಿಗೆ ಮತ್ತು ಮುದ್ರಾಂಕ ಶುಲ್ಕಗಳನ್ನೂ ಕಳೆಯಬೇಕು.

ಹಲವು ಸೂತ್ರಗಳನ್ನು ಪ್ರಯತ್ನಿಸಿ ಅತ್ಯುತ್ತಮವಾದುದನ್ನು ಆರಿಸಿಕೊಳ್ಳುವುದೇ ದೊಡ್ಡ ಅಪಾಯ. ಯಾವ ಗುಣವೂ ಇಲ್ಲದ 100 ಸೂತ್ರಗಳನ್ನು ಪರೀಕ್ಷಿಸಿದರೂ, ಶೇ. 5ರ ಸಂಖ್ಯಾಶಾಸ್ತ್ರೀಯ ಮಾನದಂಡದಲ್ಲಿ ಸುಮಾರು ಐದು ಸೂತ್ರಗಳು ಕೇವಲ ಆಕಸ್ಮಿಕವಾಗಿ ಯಶಸ್ವಿಯಾಗಿ ಕಾಣುತ್ತವೆ. 1992ರಲ್ಲಿ ಬ್ರಾಕ್, ಲಕೊನಿಶೋಕ್ ಮತ್ತು ಲೆಬ್ಯಾರನ್ ಅವರು 1897ರಿಂದ 1986ರವರೆಗಿನ ಡೌ ಜೋನ್ಸ್ ಸೂಚ್ಯಂಕವನ್ನು ಅಧ್ಯಯನ ಮಾಡಿ, ಚಲಿಸುವ ಸರಾಸರಿಯಂತಹ ಸರಳ ನಿಯಮಗಳಿಗೆ ಪೂರಕವಾದ ಫಲಿತಾಂಶವನ್ನು ಪ್ರಕಟಿಸಿದರು. 1999ರಲ್ಲಿ ಸಲಿವನ್, ಟಿಮ್ಮರ್‌ಮನ್ ಮತ್ತು ವೈಟ್ ಇದೇ ವಿಷಯವನ್ನು ಮರುಪರಿಶೀಲಿಸಿದರು. ಹಿಂದಿನ ಅವಧಿಯ ಅತ್ಯುತ್ತಮ ನಿಯಮವು 1987ರಿಂದ 1996ರವರೆಗಿನ ಹೊಸ ಅವಧಿಯಲ್ಲಿ ಅದೇ ಮೇಲ್ಮೆಯನ್ನು ತೋರಲಿಲ್ಲ ಎಂಬುದು ಅವರ ನಿರ್ಣಯ. ಈ ಕಾರಣದಿಂದ ದತ್ತಾಂಶದ ಒಂದು ಭಾಗವನ್ನು ಸೂತ್ರರಚನೆಗೆ ಬಳಸದೆ, ಕೊನೆಯ ಪರೀಕ್ಷೆಗಾಗಿ ಪ್ರತ್ಯೇಕವಾಗಿ ಕಾಯ್ದಿರಿಸುವ ಪದ್ಧತಿಯಿದೆ.

ನಷ್ಟದ ನಿಯಂತ್ರಣ

ಸ್ಕ್ಯಾನ್ ಸೂತ್ರವು ಯಾವ ಷೇರು ಎಂಬುದನ್ನು ಸೂಚಿಸುತ್ತದೆ. ಎಷ್ಟು ಷೇರು ಕೊಳ್ಳಬೇಕು, ಯಾವಾಗ ಮಾರಬೇಕು ಎಂಬುದನ್ನು ಪ್ರತ್ಯೇಕವಾಗಿ ನಿರ್ಧರಿಸಬೇಕಾಗುತ್ತದೆ. ಒಂದು ಲಕ್ಷ ರೂಪಾಯಿ ಬಂಡವಾಳದಲ್ಲಿ ಪ್ರತಿ ವಹಿವಾಟಿಗೆ ಶೇ. 1ರಷ್ಟು, ಅಂದರೆ 1,000 ರೂಪಾಯಿ ನಷ್ಟವನ್ನು ಮಾತ್ರ ಒಪ್ಪುವುದಾದರೆ, 250 ರೂಪಾಯಿಗೆ ಕೊಂಡು 240 ರೂಪಾಯಿಗೆ ಸ್ಟಾಪ್ ಲಾಸ್ ಇಡುವ ಷೇರನ್ನು 100ಕ್ಕಿಂತ ಹೆಚ್ಚು ಕೊಳ್ಳುವಂತಿಲ್ಲ. ಸ್ಟಾಪ್ ಲಾಸ್ ಕೂಡ ಪೂರ್ಣ ರಕ್ಷಣೆಯಲ್ಲ. 2009ರ ಜನವರಿ 7ರಂದು ಲೆಕ್ಕಪತ್ರ ವಂಚನೆ ಬಯಲಾದಾಗ ಸತ್ಯಂ ಕಂಪ್ಯೂಟರ್ಸ್ ಷೇರು ಒಂದೇ ದಿನದಲ್ಲಿ ತನ್ನ ಬೆಲೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಂಡಿತು. ಇಂತಹ ಕುಸಿತದಲ್ಲಿ ನಿಗದಿತ ಬೆಲೆಗೆ ಕೊಳ್ಳುವವರು ಇಲ್ಲದಿರಬಹುದು.

ಭಾರತದಲ್ಲಿ ನಿಯಂತ್ರಣ ಮತ್ತು ಸ್ಥಿತಿಗತಿ

ಸ್ವಂತ ಬಳಕೆಗಾಗಿ ಷೇರುಗಳನ್ನು ಶೋಧಿಸಲು ಭಾರತದಲ್ಲಿ ಅನುಮತಿಯ ಅಗತ್ಯವಿಲ್ಲ. ಆದರೆ ಶುಲ್ಕ ಪಡೆದು ಇತರರಿಗೆ ಷೇರು ಶಿಫಾರಸು ನೀಡುವವರು ಸೆಬಿಯ 2014ರ ಸಂಶೋಧನಾ ವಿಶ್ಲೇಷಕರ ನಿಯಮಾವಳಿ ಅಥವಾ 2013ರ ಹೂಡಿಕೆ ಸಲಹೆಗಾರರ ನಿಯಮಾವಳಿಯ ಅಡಿಯಲ್ಲಿ ನೋಂದಾಯಿಸಿಕೊಳ್ಳಬೇಕಾಗುತ್ತದೆ. ಸೂತ್ರದ ಫಲಿತಾಂಶವನ್ನು ಆಧರಿಸಿ ತಂತ್ರಾಂಶವೇ ಖರೀದಿ ಆದೇಶ ಕಳುಹಿಸಿದರೆ ಅದು ಆಲ್ಗಾರಿದಮಿಕ್ ವಹಿವಾಟು ಎನಿಸುತ್ತದೆ. ಚಿಲ್ಲರೆ ಹೂಡಿಕೆದಾರರ ಇಂತಹ ವಹಿವಾಟಿಗೆ ಸಂಬಂಧಿಸಿದಂತೆ ಸೆಬಿ 2025ರ ಫೆಬ್ರವರಿಯಲ್ಲಿ ಸುತ್ತೋಲೆ ಹೊರಡಿಸಿತು.

ತಂತ್ರಾಂಶಗಳ ಸುಲಭ ಲಭ್ಯತೆಯು ಲಾಭದ ಖಾತರಿಯಲ್ಲ ಎಂಬುದನ್ನು ಸೆಬಿಯ ಅಧ್ಯಯನಗಳು ಸೂಚಿಸುತ್ತವೆ. 2024ರ ಜುಲೈನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2022–23ರಲ್ಲಿ ಷೇರುಗಳಲ್ಲಿ ದಿನದೊಳಗಿನ ವಹಿವಾಟು ನಡೆಸಿದ ಪ್ರತಿ ಹತ್ತು ವ್ಯಕ್ತಿಗಳಲ್ಲಿ ಏಳು ಮಂದಿ ನಷ್ಟ ಅನುಭವಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನ ಅಧ್ಯಯನವು, 2021–22ರಿಂದ 2023–24ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ವ್ಯಕ್ತಿಗಳ ಪೈಕಿ ಶೇ. 93ರಷ್ಟು ಜನರಿಗೆ ನಷ್ಟವಾಗಿದೆ ಎಂದು ತಿಳಿಸಿತು. ವೆಚ್ಚವೂ ಸೇರಿದಂತೆ ಅವರ ಸರಾಸರಿ ನಷ್ಟ ಸುಮಾರು 2 ಲಕ್ಷ ರೂಪಾಯಿಗಳಾಗಿತ್ತು.