ಪ್ರೊಬೇಷನ್ ಅಧಿಕಾರಿ: ಬಾಸ್ಟನ್ನಿನಿಂದ ಡೋಂಗ್ರಿಯವರೆಗೆ

ನಮ್ಮ ಮನೆಗಳಲ್ಲಿ ‘ಪ್ರೊಬೇಷನ್’ ಎಂದರೆ ಬ್ಯಾಂಕಿನಲ್ಲೋ ಕಚೇರಿಯಲ್ಲೋ ಕೆಲಸಕ್ಕೆ ಸೇರಿದ ಹುಡುಗನ ಮೊದಲ ವರ್ಷ. ಅದು ಮುಗಿದು ‘ಕನ್‌ಫರ್ಮ್’ ಆಯಿತೆಂದರೆ ಹೆಣ್ಣು ಕೊಡುವವರು ವಿಚಾರಿಸತೊಡಗುತ್ತಾರೆ. ಕೋರ್ಟಿನ ಪ್ರೊಬೇಷನ್ ಬೇರೆಯೇ. ತಪ್ಪು ಸಾಬೀತಾದ ಮೇಲೂ ಜೈಲಿಗೆ ಕಳಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಬೇಕಾದಲ್ಲಿ ಒಬ್ಬ ಅಧಿಕಾರಿಯ ಕಣ್ಗಾವಲಿನಲ್ಲಿ ಮನೆಯಲ್ಲೇ ಇರಗೊಡುವ ವ್ಯವಸ್ಥೆ ಅದು. ಪೆರೋಲ್ ಎಂದರೆ ಈಗಾಗಲೇ ಜೈಲಿನಲ್ಲಿರುವವನಿಗೆ ಷರತ್ತಿನ ಮೇಲೆ ಹೊರಬರಲು ಕೊಡುವ ಅನುಮತಿ. ಇಂಥವರನ್ನು ನೋಡಿಕೊಳ್ಳುವ ಅಧಿಕಾರಿಗೆ ಏನನ್ನು ಕಲಿಸಬೇಕು ಎಂಬ ಪ್ರಶ್ನೆಗೆ ಒಂದು ಸ್ವಾರಸ್ಯದ ಇತಿಹಾಸವಿದೆ.

ಮೊದಲನೆಯವನು ಏನನ್ನೂ ಕಲಿತವನಲ್ಲ. 1841ರ ಆಗಸ್ಟಿನಲ್ಲಿ ಅಮೆರಿಕದ ಬಾಸ್ಟನ್ ನಗರದ ಪೊಲೀಸ್ ಕೋರ್ಟಿನಲ್ಲಿ ಜಾನ್ ಅಗಸ್ಟಸ್ ಎಂಬ ಬೂಟು ತಯಾರಕ ಕುಳಿತಿದ್ದ. ಕುಡುಕನೊಬ್ಬನನ್ನು ಕಟಕಟೆಗೆ ತಂದರು. ಅವನೊಡನೆ ನಾಲ್ಕು ಮಾತಾಡಿದ ಅಗಸ್ಟಸ್, ತಾನೇ ಜಾಮೀನು ನಿಂತು ಕರೆದೊಯ್ದ. ಮೂರು ವಾರ ಕಳೆದು ಮರಳಿ ತಂದಾಗ ಅವನ ಚಹರೆಯೇ ಬದಲಾಗಿತ್ತು. ನ್ಯಾಯಾಧೀಶರು ಜೈಲಿನ ಬದಲು ಒಂದು ಸೆಂಟ್ ದಂಡ ಮತ್ತು ಕೋರ್ಟಿನ ಖರ್ಚು ವಿಧಿಸಿ ಬಿಟ್ಟರು. 1858ರ ಹೊತ್ತಿಗೆ ಅಗಸ್ಟಸ್ ಹೀಗೆ ಜಾಮೀನು ನಿಂತವರ ಸಂಖ್ಯೆ 1,946. ಮರು ವರ್ಷ ಅವನು ತೀರಿಕೊಂಡ. ಸಂಬಳದ ಅಧಿಕಾರಿಯನ್ನು ನೇಮಿಸುವ ಕಾಯಿದೆ ಮ್ಯಾಸಚೂಸೆಟ್ಸಿನಲ್ಲಿ ಬಂದದ್ದು 1878ರಲ್ಲಿ.

ಇಂಗ್ಲೆಂಡು 1907ರಲ್ಲಿ ಕಾಯಿದೆ ಮಾಡಿತು. ಅಧಿಕಾರಿಯ ಕರ್ತವ್ಯವನ್ನು ಅದು ನಾಲ್ಕು ಕ್ರಿಯಾಪದಗಳಲ್ಲಿ ಹೇಳಿತು: ಸಲಹೆ ಕೊಡುವುದು, ನೆರವಾಗುವುದು, ಸ್ನೇಹ ಬೆಳೆಸುವುದು, ಅಗತ್ಯವಿದ್ದಾಗ ತಕ್ಕ ಕೆಲಸ ಹುಡುಕಿಕೊಡಲು ಯತ್ನಿಸುವುದು.

ನಮ್ಮ ದೇಶದಲ್ಲಿ 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 562ನೆಯ ಕಲಮು ಮೊದಲ ಸಲ ತಪ್ಪಿದವರನ್ನು ಮುಚ್ಚಳಿಕೆಯ ಮೇಲೆ ಬಿಡಲು ಅವಕಾಶ ಕೊಟ್ಟಿತ್ತು. ಅವರನ್ನು ನೋಡಿಕೊಳ್ಳುವ ಅಧಿಕಾರಿ ಮಾತ್ರ ಇರಲಿಲ್ಲ. 1936ರಲ್ಲಿ ಮದ್ರಾಸ್, 1938ರಲ್ಲಿ ಮುಂಬಯಿ ಪ್ರಾಂತ ತಮ್ಮದೇ ಕಾಯಿದೆ ಮಾಡಿದವು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಮುಂಬಯಿಗೆ ಸೇರಿದ್ದವು. ಆ ಜಿಲ್ಲೆಗಳೂ ಇದೇ ಕಾಯಿದೆಯ ಕಕ್ಷೆಯೊಳಗಿದ್ದವು. 1958ರ ಕೇಂದ್ರ ಕಾಯಿದೆಯ 14ನೆಯ ಕಲಮು ಅಧಿಕಾರಿಯ ಕರ್ತವ್ಯಗಳನ್ನು ಎಣಿಸುತ್ತದೆ. ಸಲಹೆ ಇದೆ, ನೆರವು ಇದೆ, ಕೆಲಸ ಹುಡುಕುವ ಮಾತೂ ಇಂಗ್ಲಿಷ್ ಕಾಯಿದೆಯಿಂದ ಹಾಗೆಯೇ ಇಳಿದು ಬಂದಿದೆ. ಸ್ನೇಹ ಮಾತ್ರ ಅಲ್ಲಿಲ್ಲ. ಕರಡು ಬರೆದವರು ಸರಕಾರಿ ನೌಕರನಿಗೆ ಸ್ನೇಹವನ್ನು ವಿಧಿಸುವುದು ಹೇಗೆಂದು ಹಿಂಜರಿದಿರಬಹುದೇನೋ!

ಮುಂಬಯಿಯವರಾದ ನಾವು ಈ ಇತಿಹಾಸದ ಮಗ್ಗುಲಲ್ಲೇ ವಾಸವಾಗಿದ್ದೇವೆ. 1924ರ ಬಾಂಬೆ ಚಿಲ್ಡ್ರನ್ ಆಕ್ಟಿನ ಬೆನ್ನಿಗೆ 1927ರಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿ ಹುಟ್ಟಿತು. ಅದರ ಉಮರ್‌ಖಾಡಿಯ ಮಕ್ಕಳ ಮನೆ ನಡೆದದ್ದು ಹಳೆಯ ಡೋಂಗ್ರಿ ಜೈಲಿನ ಕಟ್ಟಡದಲ್ಲಿ. 1882ರಲ್ಲಿ ತಿಲಕರೂ ಆಗರಕರರೂ 101 ದಿನ ಸೆರೆಯಿದ್ದ ಜೈಲು ಅದೇ. ಜೈಲಿನಿಂದ ಮಕ್ಕಳನ್ನು ದೂರವಿಡಲೆಂದು ಕಾಯಿದೆ ಮಾಡಿ, ಅವರನ್ನು ಇರಿಸಲು ಸಿಕ್ಕಿದ್ದು ಜೈಲಿನ ಗೋಡೆಗಳೇ. ಪೊಲೀಸನ ಕೈಹಿಡಿದು ಆ ಬಾಗಿಲು ದಾಟುವ ಹತ್ತು ವರ್ಷದ ಮಗುವಿಗೆ ‘ಇದು ಜೈಲಲ್ಲ’ ಎಂದು ಯಾರು ನಂಬಿಸಬೇಕು?

ಆ ಹೊಣೆ ಹೊರುವವರಿಗೆ ಶಿಕ್ಷಣ ಕೊಡಲು 1936ರಲ್ಲಿ ನಾಗಪಾಡಾದಲ್ಲಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕನ್ನರ ನೇತೃತ್ವದಲ್ಲಿ ಸಮಾಜಕಾರ್ಯದ ಶಾಲೆಯೊಂದು ತೆರೆಯಿತು. ಅದೇ ಇಂದು ದೇವನಾರಿನಲ್ಲಿರುವ ಟಾಟಾ ಸಮಾಜವಿಜ್ಞಾನ ಸಂಸ್ಥೆ. 1951-52ರಲ್ಲಿ ವಿಶ್ವಸಂಸ್ಥೆಯ ತಜ್ಞರಾಗಿ ವಾಲ್ಟರ್ ರೆಕ್‌ಲೆಸ್ ಬಂದು ಜೈಲು ಅಧಿಕಾರಿಗಳ ತರಬೇತಿಗೆ ನೆರವಾದರು. ಅಪರಾಧಶಾಸ್ತ್ರ, ಕಾನೂನು, ಮನೆತನದ ವಿಚಾರಣೆ, ವರದಿ ಬರೆಯುವ ಕ್ರಮ, ಇವು ಆ ಕಾಲದ ಪಾಠಗಳು.

ಪಾಠಪಟ್ಟಿಯಲ್ಲಿ ಒಂದಕ್ಕೆ ಆಗಿನ್ನೂ ಹೆಸರೇ ಇರಲಿಲ್ಲ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಸಂಕಟ ನೋಡಿದ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಆಘಾತದ ನಂತರ ಮನಸ್ಸಿನಲ್ಲಿ ಉಳಿಯುವ ಗಾಯವನ್ನು ಪ್ರತ್ಯೇಕ ಕಾಯಿಲೆಯೆಂದು ತನ್ನ ಪಟ್ಟಿಗೆ ಸೇರಿಸಿತು. 1998ರಲ್ಲಿ ಫೆಲಿಟ್ಟಿ ಮತ್ತು ಆಂಡಾ ಎಂಬ ವೈದ್ಯರು, ಬಾಲ್ಯದ ಹೊಡೆತ, ದೌರ್ಜನ್ಯ, ಮನೆಯ ಕುಡಿತ ಇವೆಲ್ಲ ದೊಡ್ಡವರಾದ ಮೇಲಿನ ಕಾಯಿಲೆ ಮತ್ತು ವ್ಯಸನಗಳೊಡನೆ ಹೊಂದಿಕೊಂಡಿರುವುದನ್ನು ತೋರಿಸಿದರು. ಇದಾದ ಮೇಲೆ ಅಲ್ಲಿಯ ಪ್ರೊಬೇಷನ್ ಮತ್ತು ಪೆರೋಲ್ ಸಿಬ್ಬಂದಿಯ ತರಬೇತಿಗೂ ಈ ವಿಚಾರ ಹೊಕ್ಕಿತು.

ಕಲಿಸುವುದೇನು ಎಂದರೆ ತೀರ ಸಾಮಾನ್ಯವೆನಿಸುವ ಸಂಗತಿಗಳು. ಪೆಟ್ಟು ತಿಂದು ಬೆಳೆದವನು ಘಟನೆಯನ್ನು ಹಿಂದುಮುಂದಾಗಿ ಹೇಳುತ್ತಾನೆ, ಅದೆಲ್ಲವೂ ಸುಳ್ಳಲ್ಲ. ಮೇಜು ಗುದ್ದಿ ಕೇಳಿದರೆ ಕೆಲವರು ರೇಗುತ್ತಾರೆ, ಕೆಲವರು ಕಲ್ಲಾಗುತ್ತಾರೆ. ಎರಡನ್ನೂ ಉದ್ಧಟತನವೆಂದು ಬರೆದರೆ ಜೈಲಿನ ಬಾಗಿಲು ತೆರೆಯುತ್ತದೆ. ಆದ್ದರಿಂದ ಯಾಕೆ ಕೇಳುತ್ತಿದ್ದೇನೆಂದು ಮೊದಲೇ ತಿಳಿಸಬೇಕು, ಬಾಗಿಲು ಕಾಣುವಂತೆ ಕೂರಿಸಬೇಕು, ಒಂದೇ ನೋವಿನ ಕಥೆಯನ್ನು ಹತ್ತು ಸಲ ಹೇಳಿಸಬಾರದು, ಮುಂದಿನ ಭೇಟಿ ಎಂದು, ಎಲ್ಲಿ ಎಂಬುದನ್ನು ಸ್ಪಷ್ಟಪಡಿಸಬೇಕು. ಷರತ್ತುಗಳು ಷರತ್ತುಗಳೇ, ಗಾಯವಿದೆಯೆಂದು ತಪ್ಪು ಮಾಫಿಯಾಗುವುದಿಲ್ಲ. ದಿನವಿಡೀ ಇಂಥ ಕಥೆ ಕೇಳುವ ಅಧಿಕಾರಿಯ ಮನಸ್ಸೂ ಜರ್ಜರಿತವಾಗುತ್ತದೆ ಎಂಬುದು ಈ ತರಬೇತಿಯ ಇನ್ನೊಂದು ಪಾಠ. ಎರಡು ದಿನದ ಶಿಬಿರದಲ್ಲಿ ಕಲಿತು ಮುಗಿಸುವ ವಿದ್ಯೆ ಇದೆಂದು ನನಗೇನೂ ಅನಿಸುವುದಿಲ್ಲ. ಹಿರಿಯರೊಬ್ಬರ ಜೊತೆ ಓಡಾಡಿ ಕಲಿಯಬೇಕಾದದ್ದು.

ನಮ್ಮಲ್ಲಿಯೂ ಕೆಲಸ ಮೊದಲಾಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೇಂದ್ರ ಸರಕಾರದ ಬೆಂಬಲದಿಂದ 2020ರಲ್ಲಿ ಆರಂಭವಾದ ‘ಸಂವಾದ್’ ಯೋಜನೆ ಮಕ್ಕಳ ರಕ್ಷಣೆಯ ಸಿಬ್ಬಂದಿಗೆ ತರಬೇತಿ ಕೊಡುತ್ತದೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ, ಮಗುವನ್ನು ಮಂಡಳಿಯ ಮುಂದೆ ಹಾಜರುಪಡಿಸಿದ 15 ದಿನಗಳೊಳಗೆ ಪ್ರೊಬೇಷನ್ ಅಧಿಕಾರಿಯ ಸಾಮಾಜಿಕ ತನಿಖಾ ವರದಿ ಬರಬೇಕು. ಆ ವರದಿಯ ನಮೂನೆಯಲ್ಲಿ, ಮಗು ಯಾವುದಾದರೂ ದೌರ್ಜನ್ಯಕ್ಕೆ ಒಳಗಾಗಿದೆಯೇ, ಯಾರಿಂದ ಎಂಬ ಕಾಲಮು ಇದೆ. ಅದನ್ನು ಮಗುವಿನ ಬಾಯಿಂದ ಹೇಗೆ ತಿಳಿಯಬೇಕೆಂಬುದಕ್ಕೆ ಕಾಲಮು ಇಲ್ಲ. ಅದಕ್ಕೆ ಆ ಅಧಿಕಾರಿಗಿರುವುದು ಆ ಹದಿನೈದು ದಿನ.